ಆರು ಹಾಸಿಗೆಯ ಹಾಸ್ಪೈಸ್‌ಗೆ ಯಾವ ಯಾವ ಅನುಮತಿ ಬೇಕು?

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ನಿವೃತ್ತ ಶಿಕ್ಷಕಿ. ನನ್ನ ಯಜಮಾನರು ಬಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ನೋವು ತಗ್ಗಿಸುವ ಮಾರ್ಫಿನ್ ಮಾತ್ರೆ ತರಲೆಂದೇ ನನ್ನ ಮೈದುನ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರಬೇಕಾಯಿತು. ಆ ಪಾಡು ಬೇರೆಯವರಿಗೆ ಬೇಡವೆಂದು ನಮ್ಮ ತೋಟದ ಮನೆಯಲ್ಲಿ ಆರು ಹಾಸಿಗೆ ಹಾಕಿ, ಕೊನೆಗಾಲದ ರೋಗಿಗಳಿಗೆ ಉಚಿತ ಹಾಸ್ಪೈಸ್ ನಡೆಸಬೇಕೆಂದಿದ್ದೇನೆ. ನಿವೃತ್ತ ನರ್ಸ್ ಒಬ್ಬರು ಒಪ್ಪಿದ್ದಾರೆ. ಊರಿನ ಆಯುರ್ವೇದ ವೈದ್ಯರು ದಿನವೂ ಬಂದು ನೋಡುತ್ತಾರೆ. ಬೆಂಗಳೂರಿನಲ್ಲಿ ಎಂಬಿಬಿಎಸ್ ಓದಿರುವ ಅಕ್ಕನ ಮಗ ವಿಡಿಯೊ ಕರೆಯಲ್ಲಿ ಸಲಹೆ ಕೊಡುತ್ತಾನೆ. ಅಮೆರಿಕದಲ್ಲಿರುವ ತಮ್ಮ ಹಣವನ್ನೂ ಒಂದು ಚಿಕ್ಕ ಸ್ಕ್ಯಾನಿಂಗ್ ಯಂತ್ರವನ್ನೂ ಕಳಿಸುವುದಾಗಿ ಹೇಳಿದ್ದಾನೆ. ಒಬ್ಬರು “ದುಡ್ಡು ತೆಗೆದುಕೊಳ್ಳದ ಮೇಲೆ ಲೈಸೆನ್ಸ್ ಯಾಕೆ” ಎನ್ನುತ್ತಾರೆ. ಇನ್ನೊಬ್ಬರು “ವೃದ್ಧಾಶ್ರಮ ಎಂದು ನೋಂದಾಯಿಸಿಬಿಡಿ, ತಲೆನೋವಿಲ್ಲ” ಎನ್ನುತ್ತಾರೆ. ಔಷಧ ಅಂಗಡಿಯವರಂತೂ “ಮಾರ್ಫಿನ್ ಸುದ್ದಿಗೆ ಹೋಗಬೇಡಿ, ಅಬಕಾರಿಯವರು, ಪೊಲೀಸರು ಬರುತ್ತಾರೆ” ಎಂದು ಹೆದರಿಸಿದ್ದಾರೆ. ಯಾರ ಮಾತು ಸರಿ? ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ರೋಗಿಗೆ ಹಾಸಿಗೆ ಕೊಡಲು ಹೋಗಿ ತಾವೇ ಠಾಣೆಯ ಬಾಗಿಲು ಕಾಯುವಂತಾದರೆ ಎಂಬ ಭಯ ನಿಮ್ಮ ಪತ್ರದುದ್ದಕ್ಕೂ ಇದೆ. ಉಪಶಾಮಕ ಆರೈಕೆಯ, ಅಂದರೆ ಗುಣವಾಗದ ರೋಗಿಗಳ ನೋವು ತಗ್ಗಿಸುವ ಚಿಕಿತ್ಸೆಯ, ವೈದ್ಯನಾಗಿ ಇಂಥ ಪತ್ರಗಳನ್ನು ಆಗಾಗ ಓದುತ್ತೇನೆ. ನಿಮ್ಮ ಮೂವರು ಸಲಹೆಗಾರರಲ್ಲಿ ಯಾರೂ ಪೂರ್ತಿ ಸರಿಯಿಲ್ಲ. ಮೊದಲಿನ ಇಬ್ಬರ ಮಾತು ನಿಮ್ಮನ್ನು ತೊಂದರೆಗೆ ನೂಕುತ್ತದೆ. ಮೂರನೆಯವರದು ಒಂದು ಕಾಲದಲ್ಲಿ ನಿಜವಾಗಿದ್ದ ಮಾತು.

ಉಚಿತ ಸೇವೆಯ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ, ಕ್ಲಿನಿಕ್, ಲ್ಯಾಬ್‌ಗಳನ್ನೆಲ್ಲ ಆಳುವುದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಎಲ್ಲರೂ ಅದನ್ನು ಕೆಪಿಎಂಇ ಎನ್ನುತ್ತಾರೆ. ಕೇಂದ್ರ ಸರ್ಕಾರದ 2010ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ ಕಾಯ್ದೆಯ ಬಗ್ಗೆ ಅಂತರ್ಜಾಲದಲ್ಲಿ ಓದಿ ಗೊಂದಲ ಮಾಡಿಕೊಳ್ಳಬೇಡಿ. ನಮ್ಮ ರಾಜ್ಯಕ್ಕೆ ತನ್ನದೇ ಕಾಯ್ದೆ ಇದೆ. ಅದರ ವ್ಯಾಖ್ಯೆಯಲ್ಲಿ ಆಸ್ಪತ್ರೆ, ನರ್ಸಿಂಗ್ ಹೋಂ ಮುಂತಾದವನ್ನು ಹೆಸರಿಸಿ, ಯಾವ ಹೆಸರಿನಿಂದ ಕರೆಯಲಾಗುವ ಇತರ ಸಂಸ್ಥೆಯೂ ಸೇರುತ್ತದೆ ಎಂದಿದೆ. ಸ್ವಯಂಸೇವಾ ಸಂಸ್ಥೆಗಳನ್ನೂ ಬಿಟ್ಟಿಲ್ಲ. ಶುಲ್ಕ ಪಡೆಯುತ್ತೀರೋ ಇಲ್ಲವೋ ಎಂಬುದು ಅಲ್ಲಿ ಮುಖ್ಯವೇ ಅಲ್ಲ. ಹಾಸಿಗೆಯ ಮೇಲೆ ರೋಗಿ ಇದ್ದಾರೆ, ಹುಣ್ಣಿಗೆ ಡ್ರೆಸ್ಸಿಂಗ್ ನಡೆಯುತ್ತದೆ, ಕ್ಯಾಥೆಟರ್ ಹಾಕುತ್ತಾರೆ, ಚುಚ್ಚುಮದ್ದು ಕೊಡುತ್ತಾರೆ ಎಂದಾದರೆ ನೋಂದಣಿ ಬೇಕು.

ಉಚಿತ ಸೇವೆಗೆ ಕಾನೂನಿನಲ್ಲಿ ಒಂದು ರಿಯಾಯಿತಿ ಇರುವುದು ನಿಜ. ಆದರೆ ಅದು ಬೇರೆ ಕಡೆ. ಎಲ್ಲ ರೋಗಿಗಳಿಗೂ ಸಂಪೂರ್ಣ ಉಚಿತವಾಗಿ ಕೊಡುವ ವೈದ್ಯಕೀಯ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಯ ಅರ್ಥದಲ್ಲಿ ‘ಸೇವೆ’ಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿತು. ಈ ಮಾತೇ ಬಾಯಿಂದ ಬಾಯಿಗೆ ಹೋಗಿ “ಉಚಿತವಾದರೆ ಯಾವ ಕಾನೂನೂ ಇಲ್ಲ” ಎಂದಾಗಿರಬಹುದೆಂದು ನನ್ನ ಊಹೆ. ಗ್ರಾಹಕ ಆಯೋಗಕ್ಕೆ ಹೋಗಲಾಗದಿದ್ದರೂ ಕೆಪಿಎಂಇ ಪ್ರಾಧಿಕಾರಕ್ಕೆ ದೂರು ಹೋಗಬಹುದು, ನಿರ್ಲಕ್ಷ್ಯದ ಮೊಕದ್ದಮೆ ಹಾಕಬಹುದು.

ವೃದ್ಧಾಶ್ರಮದ ಸಲಹೆ ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಸುಲಭವಾಗಿ ಕಾಣುತ್ತದೆ. ವೃದ್ಧಾಶ್ರಮವೆಂದರೆ ವಸತಿ, ಊಟ, ಆಸರೆ. ಅದರ ಇಲಾಖೆಯೇ ಬೇರೆ. ಅಲ್ಲಿನ ನೋಂದಣಿ ಪತ್ರ ಹಿಡಿದುಕೊಂಡು ಔಷಧ ನಿಯಂತ್ರಕರ ಬಳಿ ಮಾರ್ಫಿನ್ ಕೇಳಲು ಹೋದರೆ ಬರಿಗೈಯಲ್ಲಿ ಬರುತ್ತೀರಿ. ಮಾರ್ಫಿನ್ ಇಲ್ಲದ ಹಾಸ್ಪೈಸ್‌ನಲ್ಲಿ ನಿಮ್ಮ ಯಜಮಾನರು ಪಟ್ಟ ನೋವನ್ನೇ ಬೇರೆಯವರು ನಿಮ್ಮ ಕಣ್ಣೆದುರು ಪಡುತ್ತಾರೆ, ಅಷ್ಟೇ ವ್ಯತ್ಯಾಸ. ಇನ್ನೊಂದು: ವೃದ್ಧಾಶ್ರಮದಲ್ಲಿ ಒಂದರ ಹಿಂದೊಂದು ಸಾವಾದರೆ ಊರು ಮಾತಾಡತೊಡಗುತ್ತದೆ. ಹಾಸ್ಪೈಸ್ ಎಂದೇ ನೋಂದಾಯಿತವಾದ ಜಾಗದಲ್ಲಿ ಸಾವು ನಿರೀಕ್ಷಿತ. ಅದಕ್ಕೆ ದಾಖಲೆ ಇರುತ್ತದೆ, ವೈದ್ಯರ ಸಹಿ ಇರುತ್ತದೆ.

ಈಗ ಮಾರ್ಫಿನ್. ಇಲ್ಲಿ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮ ಯೋಜನೆ ನಿಲ್ಲುವುದೂ ಬೀಳುವುದೂ ಇದರ ಮೇಲೆಯೇ.

ಮಾರ್ಫಿನ್ ಅಫೀಮಿನಿಂದ ಬರುವ ಔಷಧ. ನಿಮ್ಮ ಔಷಧ ಅಂಗಡಿಯವರ ಭಯಕ್ಕೆ ಇತಿಹಾಸವಿದೆ. 1985ರಲ್ಲಿ ಮಾದಕ ದ್ರವ್ಯಗಳ ಕಾಯ್ದೆ, ಅಂದರೆ ಎನ್‌ಡಿಪಿಎಸ್, ಬಂದಾಗ ಕಳ್ಳಸಾಗಣೆ ತಡೆಯುವುದೊಂದೇ ಅದರ ಕಣ್ಣಿಗೆ ಬಿದ್ದಿತ್ತು. ಶಿಕ್ಷೆ ಕಠಿಣ, ಕಾಗದಪತ್ರ ವಿಪರೀತ. ಆಸ್ಪತ್ರೆಯೊಂದು ಮಾರ್ಫಿನ್ ತರಿಸಬೇಕೆಂದರೆ ಹಲವು ಪರವಾನಗಿಗಳು ಒಂದೇ ಸಮಯದಲ್ಲಿ ಚಾಲ್ತಿಯಲ್ಲಿರಬೇಕಿತ್ತು. ಅಬಕಾರಿ ಇಲಾಖೆಯಿಂದ ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಪರಿಣಾಮವಾಗಿ ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ ಶೇ 90ಕ್ಕೂ ಹೆಚ್ಚು ಕುಸಿಯಿತು. ಸರ್ಕಾರದ ಕಣ್ಗಾವಲಿನಲ್ಲಿ ಅಫೀಮು ಬೆಳೆದು ಹೊರದೇಶಕ್ಕೂ ಕಳಿಸುವ ನಾಡಿನಲ್ಲಿ ಒಂದಿಡೀ ಪೀಳಿಗೆಯ ವೈದ್ಯರು ಮಾರ್ಫಿನ್ ಬರೆಯುವುದನ್ನೇ ಕಲಿಯದೆ ಹೊರಬಂದರು. ನಿಮ್ಮ ಮೈದುನ ರಾತ್ರಿ ಬಸ್ಸು ಹತ್ತಿದ್ದು ಆ ಕಾಯ್ದೆಯ ಉಳಿದ ಬಾಕಿ.

2014ರ ತಿದ್ದುಪಡಿ, ಅದರ ಮೇಲೆ 2015ರ ನಿಯಮಗಳು ಚಿತ್ರವನ್ನು ಬದಲಿಸಿದವು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಆಕ್ಸಿಕೊಡೋನ್, ಹೈಡ್ರೊಕೊಡೋನ್, ಕೊಡೀನ್ ಈ ಆರನ್ನು ಅಗತ್ಯ ಮಾದಕ ಔಷಧಗಳೆಂದು ಗುರುತಿಸಿ, ಇಡೀ ದೇಶಕ್ಕೆ ಒಂದೇ ನಿಯಮ ಮಾಡಿದರು. ಅಬಕಾರಿ ಪರವಾನಗಿಯ ಮಾತು ಈಗಿಲ್ಲ. ರಾಜ್ಯದ ಔಷಧ ನಿಯಂತ್ರಕರಿಂದ ‘ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ’ ಎಂಬ ಒಂದು ಪ್ರಮಾಣಪತ್ರ ಪಡೆದರೆ ಆ ಔಷಧಗಳನ್ನು ತರಿಸಬಹುದು, ಸಂಗ್ರಹಿಸಬಹುದು, ರೋಗಿಗೆ ಕೊಡಬಹುದು. ನಮ್ಮ ವಲಯದಲ್ಲಿ ಇದಕ್ಕೆ ಆರ್‌ಎಂಐ ಮಾನ್ಯತೆ ಎನ್ನುತ್ತಾರೆ. ವಿಚಿತ್ರವೆಂದರೆ, ನಿಯಮ ಬದಲಾಗಿ ಇಷ್ಟು ವರ್ಷವಾದರೂ ತಾಲ್ಲೂಕು ಮಟ್ಟದಲ್ಲಿ ಹಳೆಯ ಹೆದರಿಕೆಯೇ ಚಲಾವಣೆಯಲ್ಲಿದೆ.

ಮಾನ್ಯತೆ ಕೇಳುವ ಸಂಸ್ಥೆಯಲ್ಲಿ ಈ ಔಷಧ ಬರೆಯಬಲ್ಲ, ನೋವು ನಿವಾರಣೆಯಲ್ಲಿ ತರಬೇತಿ ಪಡೆದ ಅಲೋಪಥಿ ವೈದ್ಯರಿರಬೇಕು. ಒಬ್ಬರಿಗಿಂತ ಹೆಚ್ಚು ಜನರಿದ್ದರೆ ಒಬ್ಬರನ್ನು ಹೊಣೆಗಾರರೆಂದು ಹೆಸರಿಸಬೇಕು. ದಾಸ್ತಾನು ಭದ್ರವಾದ ಬೀಗದಲ್ಲಿರಬೇಕು, ಬಂದ ಮಾತ್ರೆ, ಹೋದ ಮಾತ್ರೆ, ಉಳಿದ ಮಾತ್ರೆ ರಿಜಿಸ್ಟರಿನಲ್ಲಿ ಹೊಂದಬೇಕು, ಮುಂದಿನ ವರ್ಷದ ಅಂದಾಜನ್ನೂ ಹಿಂದಿನದರ ಬಳಕೆಯನ್ನೂ ಔಷಧ ನಿಯಂತ್ರಕರಿಗೆ ಕಳಿಸಬೇಕು. ಪೊಲೀಸರ ಭಯಕ್ಕೆ ನಿಜವಾದ ಮದ್ದು ಆ ರಿಜಿಸ್ಟರೇ. ತಪಾಸಣೆಗೆ ಬಂದವರು ಮೊದಲು ಕೇಳುವುದು ಅದನ್ನೇ. ಲೆಕ್ಕ ಸರಿಯಿದ್ದ ಕಡೆ ಅವರು ಚಹಾ ಕುಡಿದು ಹೋದದ್ದನ್ನೇ ನಾನು ಕಂಡಿದ್ದೇನೆ.

ನಿಮ್ಮ ತಂಡವನ್ನು ಈ ಅಳತೆಯಲ್ಲಿ ನೋಡಿದರೆ ಒಂದು ದೊಡ್ಡ ತೆರವಿದೆ. ಆಯುರ್ವೇದ ವೈದ್ಯರು ಮಾರ್ಫಿನ್ ಬರೆಯುವಂತಿಲ್ಲ. ಅವರ ಒಡನಾಟ, ಅವರ ಮೇಲೆ ಊರಿನವರಿಗಿರುವ ವಿಶ್ವಾಸ ನಿಮಗೆ ಬೇಕೇ ಬೇಕು, ಆದರೆ ಈ ಸಹಿ ಅವರದಾಗದು. ಅಕ್ಕನ ಮಗ ಬರೆಯಬಲ್ಲವನಾದರೂ ವಿಡಿಯೊ ಕರೆಯಲ್ಲಿ ಬರೆಯುವಂತಿಲ್ಲ: 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಎನ್‌ಡಿಪಿಎಸ್ ವ್ಯಾಪ್ತಿಯ ಮಾದಕ ಔಷಧಗಳನ್ನು ದೂರದಿಂದ ಬರೆಯುವುದನ್ನು ನಿಷೇಧಿಸಿದೆ. ಅವನು ಹಿಂದಿನ ಸೀಟಿನ ಸಲಹೆಗಾರನಾಗಿರಲಿ. ಸ್ಥಳದಲ್ಲಿ ಬಂದು ರೋಗಿಯನ್ನು ಮುಟ್ಟಿ ನೋಡುವ ಎಂಬಿಬಿಎಸ್ ವೈದ್ಯರೊಬ್ಬರು ನಿಮಗೆ ಬೇಕು. ಶಿರಸಿಯಲ್ಲೋ ಸಿದ್ದಾಪುರದಲ್ಲೋ ಕ್ಲಿನಿಕ್ ನಡೆಸುವ, ವಾರದಲ್ಲಿ ಕೆಲವು ದಿನ ಬರಬಲ್ಲ, ತುರ್ತಿಗೆ ಫೋನ್ ಎತ್ತುವ ಒಬ್ಬರು ಸಾಕು. ಅವರನ್ನು ಉಪಶಾಮಕ ಆರೈಕೆಯ ಅಲ್ಪಾವಧಿ ತರಬೇತಿಗೆ ಕಳಿಸಿ. ತಿರುವನಂತಪುರದ ಪ್ಯಾಲಿಯಂ ಇಂಡಿಯಾ, ಭಾರತೀಯ ಉಪಶಾಮಕ ಆರೈಕೆ ಸಂಘ ಇಂಥ ಕೋರ್ಸ್ ನಡೆಸುತ್ತವೆ.

ಮಾನ್ಯತೆ ಇಲ್ಲದ ವೈದ್ಯರು ಮಾರ್ಫಿನ್ ಇಟ್ಟುಕೊಳ್ಳುವಂತೆಯೇ ಇಲ್ಲವೆಂದಲ್ಲ. ನೋಂದಾಯಿತ ವೈದ್ಯರು ತಮ್ಮ ವೃತ್ತಿಯ ಬಳಕೆಗೆ 500 ಮಿಲಿಗ್ರಾಂವರೆಗೆ ಇಟ್ಟುಕೊಳ್ಳಬಹುದು, ಮಾರುವಂತಿಲ್ಲ. 10 ಮಿಲಿಗ್ರಾಂನ ಮಾತ್ರೆಯಾದರೆ ಅದು ಐವತ್ತು. ನಾಲ್ಕು ಗಂಟೆಗೊಮ್ಮೆ ಒಂದು ಮಾತ್ರೆ ಬೇಕಾಗುವ ಒಬ್ಬ ರೋಗಿಗೆ ಎಂಟು ದಿನಕ್ಕಷ್ಟೇ ಬರುತ್ತದೆ. ಆರು ಹಾಸಿಗೆಯನ್ನು ವೈದ್ಯರ ಚೀಲದಿಂದ ನಡೆಸಲಾಗದು.

ಇನ್ನು ನೀವು ಕೇಳದಿದ್ದರೂ ಹೇಳಬೇಕಾದ ಮಾತು. ರೋಗಿ ತೀರಿಕೊಂಡ ಮೇಲೆ ಉಳಿದ ಮಾತ್ರೆಯನ್ನು “ಪಾಪ, ಆಚೆ ಮನೆಯವರಿಗೂ ನೋವು” ಎಂದು ಕೈಬದಲು ಮಾಡುವುದು ನಮ್ಮ ಕಡೆ ಸಾಮಾನ್ಯ. ಕರುಣೆಯಿಂದಲೇ ಮಾಡುತ್ತಾರೆ. ಆದರೆ ಔಷಧಚೀಟಿ ಇದ್ದ ರೋಗಿಯ ಕೈಯಲ್ಲಿ ಕಾನೂನುಬದ್ಧವಾಗಿದ್ದ ಮಾತ್ರೆ ಇನ್ನೊಬ್ಬರ ಕೈಗೆ ಹೋದ ಕ್ಷಣ ಅಕ್ರಮವಾಗುತ್ತದೆ. ಉಳಿದದ್ದನ್ನು ಕೊಟ್ಟ ಸಂಸ್ಥೆಗೇ ಮರಳಿಸಿ ದಾಖಲು ಮಾಡಿಸುವುದು ಸರಿಯಾದ ದಾರಿ.

ಕೆಪಿಎಂಇ ನೋಂದಣಿಗೆ ಮರಳುತ್ತೇನೆ. ಅರ್ಜಿ ಆನ್‌ಲೈನ್‌ನಲ್ಲಿ. ತೀರ್ಮಾನಿಸುವುದು ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರ. ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ನಿಮ್ಮ ಪಾಲಿಗೆ ಅಂದರೆ ಕಾರವಾರ. ನೋಂದಣಿಯ ಅವಧಿ ಐದು ವರ್ಷ. ವೈದ್ಯರಿಗೆ ವೈದ್ಯಕೀಯ ಪರಿಷತ್ತಿನ, ನರ್ಸ್‌ಗೆ ನರ್ಸಿಂಗ್ ಪರಿಷತ್ತಿನ ನೋಂದಣಿ ಚಾಲ್ತಿಯಲ್ಲಿರಬೇಕು. ನಿಮ್ಮ ನಿವೃತ್ತ ನರ್ಸ್ ತಮ್ಮದನ್ನು ನವೀಕರಿಸಿದ್ದಾರೆಯೇ? ಇವತ್ತೇ ಕೇಳಿ, ನಿವೃತ್ತರಾದವರು ಅದನ್ನು ಮರೆತಿರುವುದೇ ಹೆಚ್ಚು. ದರಪಟ್ಟಿ ಹಾಕಲೇಬೇಕಾದ್ದರಿಂದ ‘ಎಲ್ಲ ಸೇವೆಯೂ ಉಚಿತ’ ಎಂದಾದರೂ ಫಲಕ ಇರಲಿ.

ನನ್ನ ಅನುಭವದಲ್ಲಿ ಹಳ್ಳಿ ಕಡೆಯ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ವೈದ್ಯಕೀಯ ವಿಷಯದಲ್ಲಲ್ಲ, ಕಟ್ಟಡದಲ್ಲಿ. ತೋಟದ ಮನೆ ಎಂದಿದ್ದೀರಿ. ಅದು ಕೃಷಿ ಜಮೀನಿನಲ್ಲಿದ್ದರೆ, ರೈತ ತನ್ನ ವಾಸಕ್ಕೆ ಕಟ್ಟಿಕೊಂಡ ಮನೆಗೆ ಅಭ್ಯಂತರವಿಲ್ಲದಿದ್ದರೂ ಆಸ್ಪತ್ರೆಗೆ ಭೂಪರಿವರ್ತನೆ ಬೇಕು, ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ. ಮನೆಯ ಹಿಂಭಾಗ ಸೊಪ್ಪಿನ ಬೆಟ್ಟಕ್ಕೆ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಅರಣ್ಯ ಜಾಗಕ್ಕೆ, ತಾಗಿದೆಯೇ ಎಂದು ಸರ್ವೆ ನಕ್ಷೆ ತೆಗೆದು ನೋಡಿ. ಬೆಟ್ಟದಲ್ಲಿ ನಿಮಗಿರುವುದು ಸೊಪ್ಪು, ದರಕಿನ (ಒಣ ಎಲೆಯ) ಸೌಲಭ್ಯ ಮಾತ್ರ. ಶೌಚಾಲಯದ ಒಂದು ಗೋಡೆ ಅದರೊಳಗೆ ಹೋದರೂ ಅರಣ್ಯ ಇಲಾಖೆಯ ಕಡತ ತೆರೆದುಕೊಳ್ಳುತ್ತದೆ. ಗ್ರಾಮ ಪಂಚಾಯಿತಿಯ ದಾಖಲೆ, ಅಗ್ನಿಶಾಮಕ ಇಲಾಖೆಯ ಅಭಿಪ್ರಾಯ ಇವೆಲ್ಲ ಅದರ ಬೆನ್ನಿಗೆ. ಹಳೆಯ ಮರದ ಅಟ್ಟದ ಮನೆಯಾದರೆ ಬೆಂಕಿಯ ವಿಷಯವನ್ನು ಕಾಗದಕ್ಕಾಗಿ ಅಲ್ಲದಿದ್ದರೂ ಎದ್ದು ಓಡಲಾಗದ ರೋಗಿಗಳಿಗಾಗಿ ಗಂಭೀರವಾಗಿ ತೆಗೆದುಕೊಳ್ಳಿ.

ತ್ಯಾಜ್ಯ ಇನ್ನೊಂದು. 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೂಜಿ, ರಕ್ತದ ಹತ್ತಿ, ಕ್ಯಾಥೆಟರ್ ಉತ್ಪತ್ತಿಯಾಗುವ ಯಾವುದೇ ಆರೋಗ್ಯ ಸಂಸ್ಥೆಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ ಬೇಕು, ಹಾಸಿಗೆ ಒಂದೂ ಇಲ್ಲದಿದ್ದರೂ. ಹಳದಿ, ಕೆಂಪು, ಬಿಳಿ, ನೀಲಿ ಎಂದು ಬೇರ್ಪಡಿಸಿ 48 ಗಂಟೆಯೊಳಗೆ ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ಹೋಗಬೇಕು. 75 ಕಿಲೋಮೀಟರ್ ಒಳಗೆ ಅಂಥ ಘಟಕವಿದ್ದರೆ ನೀವೇ ಸುಡುವ, ಹೂಳುವ ವ್ಯವಸ್ಥೆ ಮಾಡಿಕೊಳ್ಳುವಂತಿಲ್ಲ. ಸಂಗ್ರಹ ವಾಹನ ನಿಮ್ಮ ಹಳ್ಳಿಯ ರಸ್ತೆಗೆ ಬರುತ್ತದೆಯೇ, ಮಳೆಗಾಲದಲ್ಲೂ ಬರುತ್ತದೆಯೇ? ಶಿರಸಿಯ ಯಾವುದಾದರೂ ನರ್ಸಿಂಗ್ ಹೋಂನವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ತಮ್ಮ ಕಳಿಸುವ ಸ್ಕ್ಯಾನಿಂಗ್ ಯಂತ್ರವನ್ನು ದಯವಿಟ್ಟು ಬೇಡವೆನ್ನಿ. ಹೊಟ್ಟೆಯ ನೀರು ತೆಗೆಯಲು ಅದು ಉಪಯುಕ್ತವೇ. ಆದರೆ ಅಲ್ಟ್ರಾಸೌಂಡ್ ಯಂತ್ರ ಅಂಗೈಯಗಲದ್ದಾದರೂ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಯಂತ್ರ, ಜಾಗ, ಬಳಸುವ ವೈದ್ಯರು ಎಲ್ಲವೂ ನೋಂದಣಿಯಾಗಬೇಕು. ನಿಮ್ಮಲ್ಲಿಗೆ ಬರುವ ರೋಗಿ ಎಂಬತ್ತರ ಅಜ್ಜನಾದರೂ ಯಂತ್ರಕ್ಕೆ ಆ ವ್ಯತ್ಯಾಸ ತಿಳಿಯದು, ಕಾನೂನಿಗೂ. ಉಡುಗೊರೆಯ ರೂಪದಲ್ಲಿ ಬರುವ ಮೊಕದ್ದಮೆ ಅದು.

ಅವನ ಹಣದ ವಿಷಯದಲ್ಲಿ ನೋಡಬೇಕಾದ್ದು ಪಾಸ್‌ಪೋರ್ಟ್. ಅವನು ಇನ್ನೂ ಭಾರತದ ಪೌರನಾಗಿದ್ದರೆ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟ ದೇಣಿಗೆ ವಿದೇಶಿ ದೇಣಿಗೆಯಾಗುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅವನು ಕಾನೂನಿನ ಕಣ್ಣಲ್ಲಿ ವಿದೇಶಿ ಮೂಲ. ಹಾಸ್ಪೈಸ್ ನಡೆಸಲು ನೀವು ಕಟ್ಟುವ ಟ್ರಸ್ಟ್ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅವನಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಆ ನೋಂದಣಿಗೆ ಸಾಮಾನ್ಯವಾಗಿ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಅವಧಿಯಲ್ಲಿ ಕನಿಷ್ಠ 15 ಲಕ್ಷ ರೂಪಾಯಿಯನ್ನು ತನ್ನ ಉದ್ದೇಶಕ್ಕೆ ಖರ್ಚು ಮಾಡಿರಬೇಕು. ಅಷ್ಟರವರೆಗೆ ಊರಿನ ಹಣದಲ್ಲೇ ನಡೆಯಬೇಕೆಂದು ಲೆಕ್ಕ ಹಾಕಿ. ಟ್ರಸ್ಟ್ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ, ಟ್ರಸ್ಟಿಗೂ ದಾನಿಗಳಿಗೂ ಸಿಗುವ ಆದಾಯ ತೆರಿಗೆ ವಿನಾಯಿತಿಯ ನೋಂದಣಿ ಕೆಲಸವನ್ನು ಒಬ್ಬ ಲೆಕ್ಕಪರಿಶೋಧಕರಿಗೆ ಒಪ್ಪಿಸಿದರೆ ಸಾಕು, ಅದು ಕಷ್ಟದ ಭಾಗವಲ್ಲ.

ಹಾಗಾದರೆ ಏನು ಮಾಡಬೇಕು? ಹಾಸಿಗೆಯಿಂದ ಶುರು ಮಾಡಬೇಡಿ ಎಂಬುದೇ ನನ್ನ ಅಭಿಪ್ರಾಯ. ಮೊದಲು ಮನೆಮನೆಗೆ ಹೋಗುವ ತಂಡ ಕಟ್ಟಿ. ಜಿಲ್ಲೆಯಲ್ಲಿ ಅಥವಾ ಪಕ್ಕದ ಹುಬ್ಬಳ್ಳಿ ಕಡೆ ಈಗಾಗಲೇ ಮಾರ್ಫಿನ್ ಮಾನ್ಯತೆ ಇರುವ ಆಸ್ಪತ್ರೆಯೊಂದರ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಿ. ಔಷಧ, ರಿಜಿಸ್ಟರು, ಹೊಣೆ ಅವರದು. ನಿಮ್ಮ ನರ್ಸ್, ಸ್ವಯಂಸೇವಕರು, ಜೀಪು ನಿಮ್ಮದು. ನಿಮ್ಮ ತಾಲ್ಲೂಕಿನ ಬಹುತೇಕ ರೋಗಿಗಳು ಸಾಯಬಯಸುವುದೂ ತಮ್ಮ ಮನೆಯ ಜಗಲಿ ಪಕ್ಕದ ಕೋಣೆಯಲ್ಲೇ. ಕೇರಳದ ಕೋಯಿಕ್ಕೋಡ್‌ನಲ್ಲಿ 1993ರಲ್ಲಿ ಶುರುವಾದ ಚಳವಳಿ ನೆರೆಹೊರೆಯ ಸ್ವಯಂಸೇವಕರ ಜಾಲವಾಗಿ ಬೆಳೆದದ್ದು ಈ ದಾರಿಯಲ್ಲಿ. ಬೆಂಗಳೂರಿನ ಕರುಣಾಶ್ರಯವನ್ನು ನಡೆಸುವ ಟ್ರಸ್ಟ್ ಹುಟ್ಟಿದ್ದು 1994ರಲ್ಲಿ, ಒಳರೋಗಿಗಳ ಕಟ್ಟಡ ತೆರೆದದ್ದು 1999ರಲ್ಲಿ. ನಡುವಿನ ವರ್ಷಗಳಲ್ಲಿ ಅವರೂ ಮನೆಗಳಿಗೆ ಹೋದರು. ಇದರ ಅಪಾಯವೂ ಇದೆ. ನೀವು ಒಪ್ಪಂದ ಮಾಡಿಕೊಂಡ ಆಸ್ಪತ್ರೆಯ ಆಡಳಿತ ಬದಲಾದರೆ, ಆ ಒಬ್ಬ ವೈದ್ಯರು ಊರು ಬಿಟ್ಟರೆ ನಿಮ್ಮ ಔಷಧದ ದಾರಿ ನಿಲ್ಲುತ್ತದೆ. ರಾತ್ರಿ ಎರಡಕ್ಕೆ ಘಟ್ಟದಂಚಿನ ಮನೆಯಿಂದ ಕರೆ ಬಂದರೆ ಹೋಗುವವರು ಯಾರೆಂಬುದೂ ತೀರ್ಮಾನವಾಗಿರಬೇಕು.

ಮಧ್ಯದ ದಾರಿ ಒಂದಿದೆ. ಈಗಾಗಲೇ ಕೆಪಿಎಂಇ ನೋಂದಣಿ ಇರುವ ನರ್ಸಿಂಗ್ ಹೋಂನಲ್ಲಿ ಎರಡು ಹಾಸಿಗೆಯನ್ನು ಇದಕ್ಕೆಂದು ಮೀಸಲಿಡಿಸುವುದು. ತ್ಯಾಜ್ಯ, ಕಟ್ಟಡ, ಬೆಂಕಿಯ ಕಾಗದಗಳ ಗೊಡವೆ ಇರುವುದಿಲ್ಲ. ಆದರೆ ಆ ಹಾಸಿಗೆಗೆ ದುಡ್ಡು ಕೊಡುವ ರೋಗಿ ಬಂದ ದಿನ ನಿಮ್ಮ ರೋಗಿಯನ್ನು ಎಬ್ಬಿಸುವ ಒತ್ತಡ ಬರುತ್ತದೆ. ಬಾಯಿಮಾತಿನ ಒಪ್ಪಂದ ಅಲ್ಲಿ ನಿಲ್ಲುವುದಿಲ್ಲ. ತೋಟದ ಮನೆಯ ಸ್ವಂತ ಹಾಸ್ಪೈಸನ್ನು ಈ ಎರಡರಲ್ಲೊಂದು ಒಂದೆರಡು ವರ್ಷ ನಡೆದ ಮೇಲೆ ಇಟ್ಟುಕೊಳ್ಳಿ. ಅಷ್ಟರೊಳಗೆ ಭೂಪರಿವರ್ತನೆಯ ಕಡತವೂ ಒಂದು ದಡ ಸೇರಿರುತ್ತದೆ.

ಸಾವಿನ ಕಾಗದಗಳ ಬಗ್ಗೆ ಚಿಕ್ಕದಾಗಿ. ಸಂಸ್ಥೆಯಲ್ಲಿ ಸಾವಾದರೆ 21 ದಿನದೊಳಗೆ ನೋಂದಣಾಧಿಕಾರಿಗೆ ತಿಳಿಸುವ ಹೊಣೆ ಕುಟುಂಬದ್ದಲ್ಲ, ಸಂಸ್ಥೆಯದು; ಸಾವಿನ ಕಾರಣವನ್ನು ವೈದ್ಯರು ನಮೂನೆ 4ರಲ್ಲಿ ಬರೆಯುತ್ತಾರೆ, ಮನೆಯಲ್ಲಾದರೆ 4ಎ. ರೋಗದಿಂದ ಆದ ನಿರೀಕ್ಷಿತ ಸಾವಿಗೆ ಪೊಲೀಸರು ಬೇಕಿಲ್ಲ. ಬಿದ್ದು ಪೆಟ್ಟಾಗಿದ್ದರೆ, ವಿಷದ ಅನುಮಾನವಿದ್ದರೆ ತಿಳಿಸಲೇಬೇಕು.

ಇನ್ನೊಂದು ಗುಸುಗುಸು ನಿಮ್ಮ ಕಿವಿಗೂ ಬೀಳುತ್ತದೆ: ಹಾಸ್ಪೈಸ್ ಎಂದರೆ ದಯಾಮರಣ, ಮಾರ್ಫಿನ್ ಕೊಟ್ಟು ಮಲಗಿಸಿಬಿಡುತ್ತಾರೆ ಎಂದು. ಸರಿಯಾದ ಪ್ರಮಾಣದಲ್ಲಿ, ಸ್ವಲ್ಪಸ್ವಲ್ಪವೇ ಏರಿಸಿ ಕೊಟ್ಟ ಮಾರ್ಫಿನ್ ಆಯುಷ್ಯ ಕಡಿಮೆ ಮಾಡುವುದಿಲ್ಲ. ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವುದು ಬೇರೆಯೇ ವಿಷಯ. 2018ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ದಾರಿ ತೋರಿ, 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ಅದಕ್ಕೆ ಎರಡು ವೈದ್ಯಕೀಯ ಮಂಡಳಿಗಳು ಬೇಕು, ಅವು ವೆಂಟಿಲೇಟರ್ ಇರುವ ಆಸ್ಪತ್ರೆಗಳ ಕೆಲಸ. ನಿಮ್ಮಲ್ಲಿಗೆ ಬರುವವರು ಹೆಚ್ಚಾಗಿ ವೆಂಟಿಲೇಟರ್ ಬೇಡವೆಂದೇ ಬಂದಿರುತ್ತಾರೆ. ಬರುವಾಗಲೇ ಅವರ ಇಷ್ಟವನ್ನು ಕೇಳಿ ಬರೆಸಿಕೊಳ್ಳಿ. ಎಚ್ಚರವಿರುವವರು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿಕೊಂಡರೆ ಅದು ಮುಂಗಡ ನಿರ್ದೇಶನ, ಅಂದರೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಟ್ಟ ಪತ್ರವಾಗುತ್ತದೆ.

ಕಾರವಾರಕ್ಕೆ ಹೋಗುವ ಮುನ್ನ ಒಂದು ಪುಟದ ಟಿಪ್ಪಣಿ ಬರೆದುಕೊಳ್ಳಿ: ಎಷ್ಟು ಹಾಸಿಗೆ, ಯಾವ ರೋಗಿಗಳು, ಯಾವ ವೈದ್ಯರು, ಏನೇನು ಮಾಡುತ್ತೀರಿ, ಏನನ್ನು ಮಾಡುವುದಿಲ್ಲ. ಶಸ್ತ್ರಚಿಕಿತ್ಸೆ ಇಲ್ಲ, ಐಸಿಯು ಇಲ್ಲ, ಸ್ಕ್ಯಾನಿಂಗ್ ಇಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ, ಇಲ್ಲವಾದರೆ ದೊಡ್ಡ ಆಸ್ಪತ್ರೆಯ ಷರತ್ತುಗಳನ್ನೇ ನಿಮ್ಮ ಮೇಲೂ ಹೇರಬಹುದು. 2016ರಲ್ಲೇ ರಾಜ್ಯಕ್ಕೆ ಉಪಶಾಮಕ ಆರೈಕೆ ನೀತಿ ಬಂದಿದೆ, ಅದನ್ನು ಉಲ್ಲೇಖಿಸಿ. ಯಾವ ವರ್ಗದಲ್ಲಿ ಅರ್ಜಿ ಹಾಕಬೇಕು ಎಂದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ, ಉತ್ತರವನ್ನೂ ಬರವಣಿಗೆಯಲ್ಲೇ ಕೇಳಿ. ಕೌಂಟರಿನಲ್ಲಿ ಸಿಕ್ಕ ಬಾಯಿಮಾತು ಅಧಿಕಾರಿ ವರ್ಗವಾದ ಮರುದಿನ ಯಾರಿಗೂ ನೆನಪಿರುವುದಿಲ್ಲ.